ಮರಳುಗಾಡಿನ ಬೀಗರು

ನೆಂಟನಾಗಿ ಹೋಗುವುದೂ ಒಂದು ವಿದ್ಯೆಯೇ. ಎಷ್ಟು ದಿನ ಇರಬೇಕು, ಎರಡನೆಯ ಸಲ ಬಡಿಸಲು ಬಂದಾಗ ಎಷ್ಟು ಬಾರಿ ಬೇಡವೆನ್ನಬೇಕು, ಯಾವಾಗ ಗಂಟು ಕಟ್ಟಬೇಕು ಎಂಬುದನ್ನು ಬಲ್ಲವನೇ ಒಳ್ಳೆಯ ನೆಂಟ. ನಮ್ಮ ಕಡೆ ಅಂಥವನನ್ನು 'ಬೀಗ' ಎಂದು ಕರೆದು, ಮೊದಲು ಬೆಲ್ಲ ನೀರು ಕೊಟ್ಟು, ಆಮೇಲೆ ಕ್ಷೇಮಸಮಾಚಾರ ಕೇಳುವುದು ವಾಡಿಕೆ. ಧುಪದಾಳದವರಾದ ನಮಗೆ ಈ ವಿದ್ಯೆಯನ್ನು ಹಕ್ಕಿಗಳೂ ಕಲಿಸಿವೆ. ಘಟಪ್ರಭೆಗೆ 1897ರಲ್ಲಿ ಕಟ್ಟಿ ಮುಗಿಸಿದ ಒಡ್ಡಿನ ಹಿಂದೆ ನಿಂತ ನೀರಿಗೆ ಚಳಿಗಾಲದಲ್ಲಿ ಮಧ್ಯ ಏಷ್ಯದ ಕಡೆಯಿಂದ ಕ್ರೌಂಚಗಳು ಬರುತ್ತವೆ. ಬಿಸಿಲೇರುವ ಮೊದಲೇ ಹೇಳದೆ ಕೇಳದೆ ಹೊರಟುಹೋಗುತ್ತವೆ. ತಮ್ಮ ಊರು ಯಾವುದೆಂಬ ಬಗ್ಗೆ ಅವಕ್ಕೆ ಸಂದೇಹವಿಲ್ಲ.

ಮಗ ದುಬಾಯಿ ಸೇರಿ ಹನ್ನೆರಡು ವರ್ಷವಾಯಿತು. ಕಳೆದ ಚಳಿಗಾಲದಲ್ಲಿ, ಹಕ್ಕಿಗಳು ಇತ್ತ ಬರುವ ಹೊತ್ತಿಗೆ, ನಾವು ಗಂಡಹೆಂಡಿರು ಅತ್ತ ಹೊರಟೆವು. ಕೈಯಲ್ಲಿ ಎರಡು ತಿಂಗಳ ವೀಸಾ, ಚೀಲದಲ್ಲಿ ಗೋಕಾಕದ ಕರದಂಟು. ಊರಿನ ಮನೆ ಮಾರಿಬಿಡುವ ಮಾತನ್ನು ಮಗ ಫೋನಿನಲ್ಲಿ ಎರಡು ಸಲ ಎತ್ತಿದ್ದ. ಅದು ಎದುರುಬದುರು ಕುಳಿತು ಆಡಬೇಕಾದ ಮಾತು.

ಆದರೆ ಆ ಮಾತಿಗೆ ಮೊದಲು ಅವನು ನಮ್ಮನ್ನು ಮರಳುಗಾಡಿಗೆ ಕರೆದೊಯ್ದ. 'ಡೆಸರ್ಟ್ ಸಫಾರಿ' ಎಂದು ಅದಕ್ಕೆ ಹೆಸರು. ಮಧ್ಯಾಹ್ನ ಮೂರಕ್ಕೆ ಬಾಗಿಲಿಗೆ ದೊಡ್ಡ ಲ್ಯಾಂಡ್ ಕ್ರೂಸರ್ ಬಂದು ನಿಂತಿತು. ಚಾಲಕ ಪೇಶಾವರದ ಕಡೆಯ ಪಠಾಣ. ನನ್ನನ್ನು ಕಂಡೊಡನೆ 'ಚಾಚಾ' ಎಂದ. ಹತ್ತಾ ರಸ್ತೆಯ ಲಹಬಾಬ್ ಎಂಬಲ್ಲಿ ಡಾಂಬರು ಬಿಡುವ ಮುನ್ನ ಆತ ಇಳಿದು ನಾಲ್ಕೂ ಗಾಲಿಗಳ ಗಾಳಿಯನ್ನು ಅರ್ಧದಷ್ಟು ಬಿಟ್ಟ. ಹಾಗೆ ಮಾಡಿದರೆ ಟೈರು ಒಂಟೆಯ ಪಾದದಂತೆ ಅಗಲವಾಗಿ, ಮರಳಿನಲ್ಲಿ ಹೂತುಕೊಳ್ಳುವುದಿಲ್ಲ.

ಆಮೇಲಿನದನ್ನು ಸವಾರಿ ಎನ್ನುವುದಕ್ಕಿಂತ ಸಮುದ್ರಯಾನ ಎನ್ನುವುದು ಮೇಲು. ಕೆಂಪು ಮರಳಿನ ದಿಬ್ಬವನ್ನು ಏದುತ್ತ ಏರುವುದು, ನೆತ್ತಿಯ ಮೇಲೆ ಒಂದು ಗಳಿಗೆ ಆಕಾಶವನ್ನಷ್ಟೇ ತೋರಿಸುವುದು, ಮರುಗಳಿಗೆ ಓರೆಯಾಗಿ ಜಾರುವುದು! "ಅಪ್ಪಾ, ಗಟ್ಟ್ಯಾಗಿ ಹಿಡಕೊಂಡ ಕುಂದರ್ರಿ" ಎಂದು ಮಗ ಕೂಗಿದ. ನಮ್ಮಾಕೆ ಸವದತ್ತಿಯ ಎಲ್ಲಮ್ಮನಿಗೆ ಒಂದಲ್ಲ, ಮೂರು ಹರಕೆ ಹೊತ್ತಳು. ಅಲ್ಲೇ ಹುಟ್ಟಿ ಬೆಳೆದ ಮೊಮ್ಮಗ ಮಾತ್ರ, "ಅಜ್ಜಾ, ಇನ್ನೊಮ್ಮೆ!" ಎಂದು ಚಪ್ಪಾಳೆ ತಟ್ಟುತ್ತಿದ್ದ.

ನಮ್ಮಾಕೆಗೆ ತಲೆ ಸುತ್ತಿತೆಂದು ಗಾಡಿ ನಿಲ್ಲಿಸಿದಾಗ ಆ ಪಠಾಣ ತನ್ನ ಸ್ವಂತದ ಫ್ಲಾಸ್ಕಿನಿಂದ ಏಲಕ್ಕಿ ಹಾಕಿದ ಹಸಿರು ಚಹಾ ಬಗ್ಗಿಸಿ ಕೊಟ್ಟ. ನಾನು ಕರದಂಟಿನ ಡಬ್ಬಿ ಬಿಚ್ಚಿದೆ. ಅಂಟು, ಉತ್ತತ್ತಿ, ಗೋಡಂಬಿ ಎಲ್ಲವನ್ನೂ ನಾಲಗೆಯಿಂದಲೇ ಗುರುತಿಸಿ ತಲೆದೂಗಿದ. ಮೊಮ್ಮಗನನ್ನು ನಿನ್ನ ಊರು ಯಾವುದೆಂದು ಕೇಳಿದ. ಹುಡುಗ "ದುಬಾಯಿ" ಎಂದ. ಪಠಾಣ ನಕ್ಕು, "ಬೇಟಾ, ಇಲ್ಲಿ ನಾವೆಲ್ಲ ಮೆಹಮಾನರು" ಎಂದು, ಪೇಶಾವರದಲ್ಲಿರುವ ತನ್ನ ಮಗಳ ಚಿತ್ರ ತೋರಿಸಿದ.

ಹೊತ್ತು ಮುಳುಗಿದ ಮೇಲೆ ಬಿಡಾರ. ಬೇಲಿಯೊಳಗೆ ಕಂಬಳಿ ಹಾಸು, ಗಿಡ್ಡ ಮೇಜು, ಒಂಟೆ, ಮೆಹಂದಿ. ಬಾಗಿಲಲ್ಲೇ ಖರ್ಜೂರವನ್ನೂ ಹಿಡಿಯಿಲ್ಲದ ಬಟ್ಟಲಲ್ಲಿ ಹಾಲು ಸಕ್ಕರೆ ಕಾಣದ 'ಗಹ್ವಾ' ಕಾಫಿಯನ್ನೂ ಕೊಟ್ಟರು. ಸಾಕೆನಿಸಿದರೆ ಬಟ್ಟಲನ್ನು ಅಲ್ಲಾಡಿಸಬೇಕು. ಹಿಂದೆ ಬೆದೂಯಿನರ ಡೇರೆಗೆ ಬಂದ ಅಪರಿಚಿತನನ್ನು ಮೂರು ದಿನ ಏನೂ ಕೇಳದೆ ಸತ್ಕರಿಸುತ್ತಿದ್ದರಂತೆ. ಇಂದು ನೀರಿಲ್ಲದೆ ಬಂದವನು ಅವನು, ನಾಳೆ ನಾನು ಎಂಬ ತಿಳಿವಳಿಕೆ ಅದು. ನಮ್ಮ ಬೆಲ್ಲ ನೀರಿನ ಹಿಂದೆಯೂ ಇರುವುದು ಅದೇ ಅಲ್ಲವೆ?

ಈಗ ಸತ್ಕಾರಕ್ಕೆ ಟಿಕೀಟು ಉಂಟು. ತಪ್ಪೇನಿಲ್ಲ, ಊಟ ರುಚಿಯಾಗಿತ್ತು. ಆದರೆ ಸುತ್ತ ನೋಡಿದೆ. ರೊಟ್ಟಿ ಸುಡುವವನು ಕೇರಳದವನು, ತಟ್ಟೆ ಎತ್ತುವ ಹುಡುಗ ನೇಪಾಳದವನು, ನಿಲುವಂಗಿಯನ್ನು ಕೊಡೆಯಂತೆ ಅರಳಿಸಿ ಬುಗುರಿಯಾಡುವ ನರ್ತಕ ಈಜಿಪ್ಟಿನವನು. ಆ ದೇಶದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೊರಗಿನವರು. ನನ್ನ ಮಗನಂಥವರಿಗೆ ಕೆಲಸವಿರುವವರೆಗೆ ವೀಸಾ, ವೀಸಾ ಇರುವವರೆಗೆ ಮನೆ. ಅಲ್ಲಿ ಹುಟ್ಟಿದ ಮಾತ್ರಕ್ಕೆ ಮಕ್ಕಳು ಅಲ್ಲಿನ ಪ್ರಜೆಗಳಾಗುವುದಿಲ್ಲ. ಉಣ್ಣುವವರೂ ಬೀಗರು, ಉಣಿಸುವವರೂ ಬೀಗರು. ಆ ದೇಶವನ್ನು ನಾನು ದೂರಲಾರೆ. ಕಡಲ ಉಪ್ಪುನೀರನ್ನು ಸಿಹಿಮಾಡಿ ನನ್ನ ಮಗನಿಗೆ ಹನ್ನೆರಡು ವರ್ಷ ಕುಡಿಸಿದೆ.

ಕೊನೆಗೆ, ನಕ್ಷತ್ರ ನೋಡಲೆಂದು ಐದು ನಿಮಿಷ ದೀಪಗಳನ್ನೆಲ್ಲ ಆರಿಸಿದರು. ಎಲ್ಲರೂ ಸುಮ್ಮನಾದರು. ನಮ್ಮಾಕೆ ಮೊಮ್ಮಗನಿಗೆ ಕೃತ್ತಿಕೆ ತೋರಿಸಿದಳು. ಅವನು ಬಹಳ ಹೊತ್ತು ನೋಡಿ, "ಅಜ್ಜಾ, ಇವು ನಿಮ್ಮೂರಾಗೂ ಕಾಣ್ತಾವೇನು?" ಎಂದ.

'ನಿಮ್ಮೂರು!' ಕತ್ತಲಲ್ಲಿ ಮಗನ ಮುಖ ಕಾಣಲಿಲ್ಲ. ಅವನಿಗೂ ಆ ಮಾತು ಕೇಳಿಸಿತ್ತು.

ತಿರುಗಿ ಬರುವಾಗ ನಾನೇ ಮಾತು ತೆಗೆದೆ. "ಮನಿ ಮಾರೂದು ಬ್ಯಾಡಪಾ. ಎಲ್ಲಾ ಕಡೆ ಬೀಗರಾಗಿ ಇರವ್ರಿಗೆ, ತಾವ ಬೀಗಾ ತಗದು ಒಳಗ ಹೋಗೂವಂಥಾ ಬಾಗಲಾ ಒಂದರ ಇರಬೇಕು."

ದುಬಾಯಿಯ ದೀಪಗಳು ಕಾಣಿಸುವವರೆಗೂ ಅವನು ಮಾತಾಡಲಿಲ್ಲ. ಆಮೇಲೆ, ನಿದ್ದೆಹೋದ ಮಗನ ತಲೆಯನ್ನು ತೊಡೆಯ ಮೇಲೆ ಸರಿಪಡಿಸುತ್ತ ಕೇಳಿದ:

"ಅಪ್ಪಾ, ಹಂಚು ಬದಲಿ ಮಾಡಾಕ ಎಷ್ಟ ಖರ್ಚ ಬರ್ತದರಿ?"