ಅಪ್ಪಯ್ಯನಿಗೆ ಕೇಳಿಸದ ಮಾತು

ನಮ್ಮ ಅಪ್ಪಯ್ಯ ಮಾತು ಕಡಿಮೆಯ ಮನುಷ್ಯ ಎಂಬುದು ಕುಂದಾಪುರದ ನಮ್ಮ ಕೇರಿಗೆಲ್ಲ ಗೊತ್ತಿದ್ದ ಸಂಗತಿ. ಕುವೈತಿನಿಂದ ರಜೆಯ ಮೇಲೆ ಬಂದರೆ ಜಗಲಿಯಲ್ಲಿ ಕೂತು ಎಲ್ಲರ ಮಾತಿಗೂ ಹೂಂಗುಟ್ಟುತ್ತಿದ್ದರು. ನೆರೆಹೊರೆಯವರು ನಗುತ್ತಿದ್ದರು. ಅಮ್ಮನಿಗೆ ನಗು ಬರುತ್ತಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಗಂಡ ಬಾಯಿಬಿಟ್ಟು ನಾಲ್ಕು ಮಾತಾಡದೆ ಹೊರಟುಹೋಗುತ್ತಾರಲ್ಲ ಎಂಬ ಸಂಕಟ ಅವಳದು. ನನ್ನದು ಸಂಕಟವಲ್ಲ, ಸಿಟ್ಟು. 2023ರಲ್ಲಿ ಅವರು ತೀರಿಕೊಂಡಾಗ ಮಾತಾಡಿಸಲು ಬಂದವರೆಲ್ಲ ಮತ್ತೆ ಅದನ್ನೇ ಹೇಳಿದರು: ಪಾಪ, ಮೌನಿ. ಅದು ನಿಜವಲ್ಲ. ಆದರೆ ಆ ಸುಳ್ಳನ್ನು ಊರವರೆಲ್ಲರಿಗಿಂತ ಗಟ್ಟಿಯಾಗಿ ನಂಬಿ, ಅದರ ಮೇಲೆ ತಂದೆಯ ಬಗ್ಗೆ ಒಂದು ತೀರ್ಪನ್ನೇ ಕಟ್ಟಿಕೊಂಡವಳು ನಾನು.

ಅವರು ಊರಿನ ಎಷ್ಟೋ ಹುಡುಗರಂತೆ ಮೊದಲು ಮುಂಬಯಿಯ ಹೋಟೆಲಿಗೆ ಹೋದವರು. ಅಲ್ಲಿಂದ ಏಜೆಂಟರೊಬ್ಬರ ಮೂಲಕ 1978ರಲ್ಲಿ ಕುವೈತಿಗೆ ಹೋಗಿ, ಎಣ್ಣೆಬಾವಿ ಕೊರೆಯುವ ಗುತ್ತಿಗೆ ಕಂಪನಿಯೊಂದರ ರಿಗ್ಗಿನಲ್ಲಿ ಕೂಲಿಯಾಗಿ ಸೇರಿದರು. ಆ ರಿಗ್ಗಿದ್ದ ಬುರ್ಗಾನ್ ಎಂಬ ಎಣ್ಣೆನೆಲ ಜಗತ್ತಿನ ಅತಿ ದೊಡ್ಡ ತೈಲಕ್ಷೇತ್ರಗಳಲ್ಲಿ ಒಂದು. 1938ರಲ್ಲಿ ಅಲ್ಲಿ ಎಣ್ಣೆ ಸಿಕ್ಕಿತು, 1946ರಲ್ಲಿ ಮೊದಲ ಹಡಗು ತುಂಬಿ ಹೊರಟಿತು. ಇದೆಲ್ಲ ನಾನು ಈಚೆಗೆ ಓದಿ ತಿಳಿದದ್ದು. ಆಗ ನಮಗೆ ಗೊತ್ತಿದ್ದ ಕುವೈತ್ ಎಂದರೆ ತಿಂಗಳ ಡ್ರಾಫ್ಟು, ಟೇಪ್‌ರೆಕಾರ್ಡರು, ಟ್ಯಾಂಗ್ ಡಬ್ಬಿ, ಪೆಟ್ಟಿಗೆ ತೆರೆದರೆ ಮನೆ ತುಂಬುವ ಅತ್ತರಿನ ವಾಸನೆ. ಅಪ್ಪಯ್ಯ ಎಂಥ ಕೆಲಸ ಮಾಡುತ್ತಾರೆ ಎಂದು ಶಾಲೆಯಲ್ಲಿ ಕೇಳಿದರೆ "ಎಣ್ಣೆ ಕಂಪನಿ" ಎನ್ನುತ್ತಿದ್ದೆ. ಅಷ್ಟೇ ಉತ್ತರವನ್ನು ನಲವತ್ತು ದಾಟಿದ ಮೇಲೂ ಕೊಡುತ್ತಿದ್ದೆ.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಅಮ್ಮ ಆನೆಗುಡ್ಡೆ ಗಣಪತಿಗೆ ಹರಕೆ ಹೊತ್ತಳು. ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಕರೆತಂದ ಆ ತೆರವಿನಲ್ಲಿ ಅಪ್ಪಯ್ಯನೂ ಮರುಭೂಮಿ ದಾಟಿ, ಜೋರ್ಡಾನಿನ ಅಮ್ಮಾನ್‌ನಿಂದ ಮುಂಬಯಿಗೆ, ಅಲ್ಲಿಂದ ಬಸ್ಸಿನಲ್ಲಿ ಊರಿಗೆ ಬಂದರು. ಗಡ್ಡ ಬೆಳೆದಿತ್ತು, ಕೈಯಲ್ಲೊಂದು ಚೀಲ. ಮನೆ ತುಂಬ ಜನ ಸೇರಿ ಏನೇನೋ ಕೇಳಿದರು. ಅವರು ಹೂಂ ಎಂದರು. 1992ರಲ್ಲಿ ಮತ್ತೆ ಹೋದರು.

ನಾನು ಮರೆಯದೆ ಇಟ್ಟುಕೊಂಡದ್ದು 1996ರ ಒಂದು ಸಂಜೆಯನ್ನು. ಮಂಗಳಗಂಗೋತ್ರಿಯಲ್ಲಿ ಎಂ.ಎ. ಸೀಟು ಸಿಕ್ಕಿತ್ತು. ಅಪ್ಪಯ್ಯ ರಜೆಯಲ್ಲಿದ್ದರು. ಜಗಲಿಯಲ್ಲಿ ಕೂತು ತೆಂಗಿನಕಾಯಿ ವ್ಯಾಪಾರದ ಲೆಕ್ಕ ಬರೆಯುತ್ತಿದ್ದವರ ಹಿಂದೆ, ಬಾಗಿಲ ದಾರಂದಕ್ಕೆ ಒರಗಿ ನಿಂತು, ಫೀಸು ಕಟ್ಟಲು ನಾಳೆಯೇ ಕಡೇ ದಿನ, ಹಾಸ್ಟೆಲಿಗೂ ಸೇರಿಸಬೇಕು ಎಂದೆ. ಹೆದರಿಕೆಯಿಂದ ಸ್ವರ ಸಣ್ಣದಾಗಿತ್ತು. ಅವರು ತಲೆ ಎತ್ತದೆ "ಹೂಂ, ನೋಡುವ" ಎಂದರು. ಮರುದಿನ ಕೋಟೇಶ್ವರದ ನೆಂಟರ ಮನೆಗೆ ಹೋಗಿ ಕತ್ತಲಾದ ಮೇಲೆ ಬಂದರು. ಅದೇ ವಾರ ಅಣ್ಣ ಎದುರು ಕೂತು ತನ್ನ ದಪ್ಪ ಸ್ವರದಲ್ಲಿ ಸ್ಕೂಟರ್ ಕೇಳಿದ, ಸಿಕ್ಕಿತು. ಹೆಣ್ಣುಮಗಳ ಓದು ಇವರಿಗೆ ಬೇಡ ಎಂದು ನಾನು ತೀರ್ಮಾನಿಸಿದೆ. ಇನ್ನೊಮ್ಮೆ ಕೇಳಲಿಲ್ಲ, ಅಮ್ಮನಿಂದಲೂ ಹೇಳಿಸಲಿಲ್ಲ. ಬಿ.ಎಡ್. ಮಾಡಿ ಮೇಷ್ಟ್ರಮ್ಮನಾದೆ, ಮದುವೆಯಾಗಿ ಬೆಂಗಳೂರು ಸೇರಿದೆ. ಫೋನಿನಲ್ಲಿ ಅಪ್ಪಯ್ಯ "ಹಲೋ" ಎಂದರೆ "ಅಮ್ಮನಿಗೆ ಕೊಡಿ" ಎನ್ನುವುದು ರೂಢಿಯಾಯಿತು. 2005ರಲ್ಲಿ ಅವರು ನಿವೃತ್ತರಾಗಿ ಊರಿಗೆ ಬಂದ ಮೇಲೂ ಅದು ಬದಲಾಗಲಿಲ್ಲ.

2020ರಲ್ಲಿ, ಕೊರೊನಾ ಕಾಲದಲ್ಲಿ, ಊರಿಗೆ ಬಂದು ಉಳಿದೆ. ಹಿರಿಯರಿಗೆ ಸೋಂಕು ತಗಲಬಾರದೆಂದು ಮನೆಯೊಳಗೂ ಮಾಸ್ಕ್ ಹಾಕಿಕೊಂಡಿರುತ್ತಿದ್ದೆ. ಅಪ್ಪಯ್ಯನ ಹೂಂಕಾರವೂ ನಿಂತುಹೋಯಿತು. ಸುಮ್ಮನೆ ಮುಖ ನೋಡುವರು. ಒಂದು ಮಧ್ಯಾಹ್ನ ಗಂಜಿಗೆ ಉಪ್ಪಿನಕಾಯಿ ಬೇಕೋ ಚಟ್ನಿ ಸಾಕೋ ಎಂದು ಕೇಳಿ ಕೇಳಿ ಸಾಕಾಗಿ, ರೇಗಿ, ಮಾಸ್ಕ್ ಕಿತ್ತು ಕೇಳಿದೆ.

"ಚಟ್ನಿ ಸಾಕು ಮಗಾ" ಎಂದರು, ತಕ್ಷಣ.

ಅವರು ನೋಡುತ್ತಿದ್ದದ್ದು ನನ್ನ ತುಟಿಗಳನ್ನು.

ಮರುವರ್ಷ ಮಣಿಪಾಲದಲ್ಲಿ ಕಿವಿ ಪರೀಕ್ಷೆ ಮಾಡಿಸಿದೆವು. ಪರೀಕ್ಷೆ ಮಾಡಿದ ಹುಡುಗಿ ಗ್ರಾಫ್ ಹಾಳೆಯನ್ನು ನನ್ನ ಮುಂದಿಟ್ಟಳು. ಎಡದಿಂದ ಬಲಕ್ಕೆ ತಗ್ಗು ಸ್ವರದಿಂದ ಏರು ಸ್ವರ. ಗೆರೆ ಒಂದಷ್ಟು ದೂರ ಚೆನ್ನಾಗಿಯೇ ಸಾಗಿ, 4000 ಹರ್ಟ್ಸ್ ಹತ್ತಿರ ಪಾತಾಳಕ್ಕೆ ಬಿದ್ದಿತ್ತು. ವಯಸ್ಸಿನ ಕಿವುಡೂ ಸೇರಿಕೊಂಡಿದೆ, ಆದರೆ ಈ ತಗ್ಗು ಹಳೆಯದು ಎಂದಳು. ಆಮೇಲೆ ಕೇಳಿದಳು: "ಇವರು ದೊಡ್ಡ ಮಷಿನ್ ಹತ್ತಿರ ಕೆಲಸ ಮಾಡ್ತಿದ್ರಾ?"

"ಎಣ್ಣೆ ಕಂಪನಿ" ಎಂದೆ. ಅದರಾಚೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಅವಳು ವಿವರಿಸಿದಳು. ಒಳಗಿವಿಯಲ್ಲಿ ಕೂದಲಿನಂಥ ಸೂಕ್ಷ್ಮ ಕೋಶಗಳಿವೆ. ಎಡೆಬಿಡದ ಸದ್ದಿಗೆ ಮೊದಲು ಸಾಯುವುದು ಏರು ಸ್ವರ ಹಿಡಿಯುವ ಕೋಶಗಳು, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅ, ಓ, ಊ ಕೇಳಿಸುತ್ತವೆ. ಸ, ಶ, ಚ, ತ ಕರಗಿಹೋಗುತ್ತವೆ. ಯಾರೋ ಮಾತಾಡುತ್ತಿದ್ದಾರೆ ಎಂಬುದು ತಿಳಿಯುತ್ತದೆ, ಏನೆಂಬುದು ತಿಳಿಯುವುದಿಲ್ಲ. ಹೆಂಗಸರ, ಮಕ್ಕಳ ಸಣ್ಣ ಸ್ವರವೇ ಮೊದಲು ಕೈಬಿಡುತ್ತದೆ. ಗಂಡಸರ ದಪ್ಪ ಸ್ವರ ಬಹಳ ಕಾಲ ಉಳಿಯುತ್ತದೆ. ಅಣ್ಣನ ಸ್ಕೂಟರು ನನಗೆ ನೆನಪಾದದ್ದು ಆ ಕುರ್ಚಿಯ ಮೇಲೆ.

ಅಂದಿನಿಂದ ಬೆಳಕಿಗೆ ಮುಖ ಮಾಡಿ, ಅವರ ಎದುರೇ ಕೂತು, ನಿಧಾನವಾಗಿ ಕೇಳತೊಡಗಿದೆ. ಮಾತು ಕಡಿಮೆಯ ಮನುಷ್ಯ ಗಂಟೆಗಟ್ಟಲೆ ಹೇಳಿದರು. ಬಾವಿಗೆ ಇಳಿಸುವ ಪೈಪು ಒಂದೊಂದೂ ಸುಮಾರು 30 ಅಡಿ, ಮೂರು ಜೋಡಿಸಿದರೆ ಒಂದು ಸ್ಟ್ಯಾಂಡ್. ಕೊರೆಯುವ ಬಿಟ್ ಸವೆದರೆ ಸಾವಿರಾರು ಅಡಿ ಪೈಪನ್ನೂ ಮೇಲೆತ್ತಿ, ಬಿಚ್ಚಿ, ನಿಲ್ಲಿಸಿ, ಬಿಟ್ ಬದಲಿಸಿ ಮತ್ತೆ ಇಳಿಸಬೇಕು. ಪೈಪು ಜಾರದಂತೆ ಸುತ್ತ ಸ್ಲಿಪ್ಸ್ ಕೂರಿಸುವುದು, ಟಾಂಗ್ ಕಚ್ಚಿಸಿ ತಿರುಪು ಬಿಚ್ಚುವುದು ಅವರ ಪಾಲಿನ ಕೆಲಸ. ಆಚೆ ಡೀಸೆಲ್ ಎಂಜಿನ್ನುಗಳು, ಮಡ್ ಪಂಪುಗಳು, ತಲೆಯ ಮೇಲೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು. ಪಾಳಿ ಹನ್ನೆರಡು ಗಂಟೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದು, 100 ಡೆಸಿಬೆಲ್ ಆದರೆ ಕಾಲು ಗಂಟೆಯೇ ಮಿತಿ ಎಂದು ಆರೋಗ್ಯ ತಜ್ಞರು ಹೇಳುತ್ತಾರೆ.

"ಕಿವಿಗೆ ಎಂತ ಹಾಕ್ತಿರ್ಲಿಲ್ವಾ ಅಪ್ಪಯ್ಯ?"

"ಕೊಡ್ತಿದ್ರು. ಹಾಕಿದ್ರೆ ಪಂಪಿನ ಸ್ವರ ಬದ್ಲಾದ್ದು ಗೊತ್ತಾತಿರ್ಲಿಲ್ಲ."

ಪಂಪಿನ ಸ್ವರ ಬದಲಾದರೆ ಕೆಳಗೆ ಏನೋ ಎಡವಟ್ಟಾಗಿದೆ ಎಂದರ್ಥ. ಜೀವ ಉಳಿಸಿಕೊಳ್ಳಲು ಕಿವಿ ತೆರೆದಿಟ್ಟರು, ಕಿವಿ ಹೋಯಿತು. ಅಲ್ಲಿ ಮಾತು ನಡೆಯುತ್ತಿದ್ದದ್ದು ಕೈಸನ್ನೆಯಲ್ಲಿ. ತೋರುಬೆರಳು ಮೇಲೆತ್ತಿ ಸುತ್ತಿಸಿದರೆ ಎತ್ತು, ಮುಷ್ಟಿ ಹಿಡಿದರೆ ನಿಲ್ಲಿಸು. ನಮ್ಮ ಮನೆಯ ಬಾವಿಯಿಂದ ಕೊಡ ಎಳೆಯುವಾಗಲೂ ಅವರು ಹಾಗೇ ಬೆರಳು ಸುತ್ತಿಸುತ್ತಿದ್ದರು. ಬಾಯಲ್ಲಿ ಒಂದು ಮಾತು ಹೇಳಲೂ ಇವರಿಗೆ ದರ್ಪ ಎಂದು ನಾನು ಹಲ್ಲು ಕಚ್ಚುತ್ತಿದ್ದೆ.

1992ರ ಕಥೆಯೂ ಆಗಲೇ ಹೊರಬಂತು. ಹಿಂದೆ ಸರಿಯುವಾಗ ಇರಾಕಿನ ಸೈನ್ಯ ಆರುನೂರಕ್ಕೂ ಹೆಚ್ಚು ಬಾವಿಗಳಿಗೆ ಬೆಂಕಿ ಇಟ್ಟಿತ್ತು. ಎಣ್ಣೆಯನ್ನು ಕಡಲಿಗೆ ಒಯ್ಯುತ್ತಿದ್ದ ಕೊಳವೆಗಳಲ್ಲೇ ಕಡಲ ನೀರನ್ನು ತಿರುಗಿ ಹರಿಸಿ ನಂದಿಸಿದರು. ಕೊನೆಯ ಬಾವಿ ಆರಿದ್ದು 1991ರ ನವೆಂಬರ್ 6ರಂದು. ಅಪ್ಪಯ್ಯ ಹೋಗುವಾಗ ಮರಳು ಕಪ್ಪಾಗಿತ್ತು, ತಗ್ಗಿನಲ್ಲೆಲ್ಲ ಎಣ್ಣೆಯ ಕೆರೆಗಳು. ನೀರೆಂದು ಇಳಿದ ಹಕ್ಕಿಗಳು ಅಲ್ಲೇ ಅಂಟಿಕೊಂಡು ಸಾಯುವುದನ್ನು ಕಂಡಿದ್ದರಂತೆ. ಅದನ್ನು ಹೇಳುವಾಗ ಮಾತ್ರ, ಮಾತಿನ ಜೊತೆ ಸನ್ನೆ ಮಾಡುತ್ತಿದ್ದ ಅವರ ಕೈ ಎರಡು ಸಲ ನಿಂತಿತು.

ಎಂ.ಎ. ಸೀಟಿನ ವಿಷಯವನ್ನೂ ಕೇಳಿದೆ. ಅವರಿಗೆ ಆ ಸಂಜೆಯ ನೆನಪೇ ಇರಲಿಲ್ಲ. "ನಂಗೆ ಕೇಂಡಿದ್ರೆ ಕಳ್ಸದೆ ಇರ್ತಿದ್ನಾ?" ಎಂದಷ್ಟೇ ಹೇಳಿ ನನ್ನ ಮುಖವನ್ನೇ ನೋಡಿದರು. ನನಗೆ ಉತ್ತರ ಹೊಳೆಯಲಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನ ಮಗು ಎರಡು ಸಲ ತಪ್ಪು ಉತ್ತರ ಕೊಟ್ಟರೆ, ಕಿವಿ ಮಂದವಿರಬಹುದೆಂದು ಮುಂದೆ ಕೂರಿಸಿ ತಾಯಿಗೆ ಹೇಳಿಕಳಿಸುತ್ತಿದ್ದವಳು ನಾನು. ಆ ಅನುಮಾನದ ಲಾಭವನ್ನು ನನ್ನ ತಂದೆಗೆ ಕೊಡಲಿಲ್ಲ. ಕೊಡದೆ ಇರುವುದರಲ್ಲಿ ನನಗೊಂದು ಸುಖವಿತ್ತು ಎಂದು ಈಗ ಅನ್ನಿಸುತ್ತದೆ. ಅನ್ಯಾಯವಾದವಳಾಗಿ ಉಳಿಯುವುದು ಸುಲಭವಾಗಿತ್ತು, ಇನ್ನೊಮ್ಮೆ ಎದುರು ನಿಂತು ಕೇಳುವುದು ಕಷ್ಟವಾಗಿತ್ತು.

ಶ್ರವಣಯಂತ್ರ ತಡವಾಗಿ ಬಂತು. ತಟ್ಟೆ ಲೋಟದ ಸದ್ದೆಲ್ಲ ಬಡಿದಂತಾಗುತ್ತದೆಂದು ಅಪ್ಪಯ್ಯ ತೆಗೆದಿಡುತ್ತಿದ್ದರು, ಮೊಮ್ಮಗಳು ಬಂದರೆ ಮಾತ್ರ ಹಾಕಿಕೊಳ್ಳುತ್ತಿದ್ದರು.

ಗಂಗೊಳ್ಳಿ ಬಂದರಿನಿಂದ ಮೀನುಗಾರಿಕೆಗೆ ಹೋಗುವ ಟ್ರಾಲ್ ಬೋಟಿನಲ್ಲಿ ನಮ್ಮ ಚಿಕ್ಕಪ್ಪನ ಮಗ ಎಂಜಿನ್ ನೋಡಿಕೊಳ್ಳುತ್ತಾನೆ. ಅವನು ಈಚೆಗೆ ಹೆಂಡತಿಯ ಮಾತಿಗೆ ಬರೀ ಹೂಂಗುಟ್ಟುತ್ತಾನೆ, ಟಿ.ವಿ. ಜೋರು ಮಾಡುತ್ತಾನೆ ಎಂಬ ದೂರು ಕಳೆದ ಮಳೆಗಾಲದಲ್ಲಿ ಬಂತು. ಬೋಟುಗಳಿಗೆ ರಜೆ ಇದ್ದಾಗ ಇಬ್ಬರನ್ನೂ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಅವನ ಗೆರೆಯಲ್ಲೂ 4000ದ ಹತ್ತಿರ ತಗ್ಗಿದೆ, ಅಪ್ಪಯ್ಯನದರಷ್ಟು ಆಳವಿಲ್ಲ. ಆ ಹಾಳೆಯನ್ನು ಅವನ ಹೆಂಡತಿಯ ಕೈಗೇ ಕೊಡಿಸಿ, ಅದನ್ನು ಓದುವುದು ಹೇಗೆಂದು ಹೇಳಿಕೊಟ್ಟೆ. ಅವನಿಗೆ ಕಿವಿ ಮುಚ್ಚುವ ಮಫ್ ಕೊಡಿಸಿದ್ದೇನೆ. ಎಂಜಿನ್ನಿನ ಸ್ವರ ತಿಳಿಯುವುದಿಲ್ಲ ಎಂದು ಅವನೂ ಅನ್ನುತ್ತಿದ್ದಾನೆ.