ಎರಡನೆಯ ತಲೆ

"ಅಮ್ಮಾ, ನೀನೂ ಬಾ, ಬೇಗ ಹೋಗಬಹುದು" ಎಂದ ಕ್ಯಾಲಿಫೋರ್ನಿಯಾದ ಮಗ. ಅವನ ಆಫೀಸಿನ ಹತ್ತಿರದ ಲೈಬ್ರರಿಯಲ್ಲಿ ಸಂಜೆಯವರೆಗೆ ಓದುತ್ತ ಕೂರುವುದೆಂದು ಹೊರಟೆ. 280ನೇ ಹೆದ್ದಾರಿಯ ಎಡತುದಿಯ ಲೇನಿನಲ್ಲಿ ಬಿಳಿಯ ವಜ್ರದ ಗುರುತು. ದಟ್ಟಣೆಯ ಹೊತ್ತಿನಲ್ಲಿ ಅದು ಇಬ್ಬರಾದರೂ ಇರುವ ಕಾರುಗಳಿಗೆ ಮೀಸಲು, ಕೈಗೂಸೂ ಲೆಕ್ಕಕ್ಕುಂಟು. ಎಷ್ಟೋ ವರ್ಷ ತರಗತಿಯಲ್ಲಿ ತಲೆ ಎಣಿಸಿದ ನಾನು ಇಲ್ಲಿ ಎಣಿಕೆಗೆ ಸಿಕ್ಕ ತಲೆ!

1976ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಇದ್ದ ಲೇನನ್ನೇ ಹೀಗೆ ಮೀಸಲಿಟ್ಟಾಗ ಜನ ರೇಗಿದ್ದರು. ಐದೇ ತಿಂಗಳಲ್ಲಿ ಕೋರ್ಟು ತಡೆಯಿತು. ಹೊಸ ಲೇನು ಸೇರಿಸಿದರೆ ಯಾರಿಗೂ ಸಿಟ್ಟಿಲ್ಲ. ಆದರೆ ಪಕ್ಕದ ಸೀಟು ತುಂಬಬೇಕಲ್ಲ? ಬಲಗಡೆ ತೆವಳುತ್ತಿದ್ದ ಕಾರುಗಳಲ್ಲಿ ಒಬ್ಬೊಬ್ಬರೇ ಕೂತಿದ್ದರು. ಮಗ ಗಳಿಗೆಗೊಂದು ಮಾತಾಡುತ್ತಿದ್ದ. ಮುಂದಿನ ವಾರ ನಾನು ಊರಿಗೆ ಹೊರಟರೆ ಅವನೂ ಮತ್ತೆ ಆ ಸಾಲಿನಲ್ಲೇ, ಒಬ್ಬನೇ.