ಕಾಲಿಗೂ ಕರೆಂಟು

ದೇಹವೆಂಬ ಕಚೇರಿಯಲ್ಲಿ ಕಾಲಿನಷ್ಟು ವಿಧೇಯನಾದ ಜವಾನ ಇನ್ನೊಬ್ಬನಿಲ್ಲ. ಹೊಟ್ಟೆ ಹೊತ್ತು ಹೊತ್ತಿಗೆ ತನ್ನ ಹಕ್ಕು ಕೇಳುತ್ತದೆ. ಹಲ್ಲು ಆಗಾಗ ಧರಣಿ ಕೂರುತ್ತದೆ. ಕಣ್ಣು ನಲವತ್ತು ತುಂಬುವುದರೊಳಗೆ ಕನ್ನಡಕದ ಭತ್ಯಕ್ಕೆ ಅರ್ಜಿ ಹಾಕುತ್ತದೆ. ಕಾಲು ಮಾತ್ರ ಚಕಾರವೆತ್ತದೆ ಹೇಳಿದಲ್ಲಿಗೆ ಹೋಗಿ ಬರುತ್ತದೆ. ಅಂಥ ಜವಾನನೇ ಸಂಪು ಹೂಡಿದರೆ ಯಜಮಾನನ ಗತಿ ಏನಾಗುತ್ತದೆಂಬುದನ್ನು, ಎಡ ಮಂಡಿಯ ಕೀಲು ಬದಲಾಯಿಸಿಕೊಂಡ ಮೇಲೆ ನಾನು ಕಂಡೆ.

ಶಸ್ತ್ರಚಿಕಿತ್ಸೆಯೇನೋ ಸುಸೂತ್ರವಾಗಿ ಮುಗಿಯಿತು. ಸವೆದ ಕೀಲು ಹೋಗಿ ಲೋಹದ ಹೊಸ ಕೀಲು ಬಂತು. ಆದರೆ ಮನೆಗೆ ಬಂದ ಮೇಲೆ, ಕಾಲನ್ನು ನೆಟ್ಟಗಿಟ್ಟು ಹಾಸಿಗೆಯಿಂದ ನಾಲ್ಕು ಅಂಗುಲ ಎತ್ತಿ ಎಂದರೆ ಎತ್ತಲಾಗಲಿಲ್ಲ. ನೋವು ತಡೆಯುತ್ತಿತ್ತೆಂದಲ್ಲ, ಅಪ್ಪಣೆ ಇಲ್ಲಿಂದ ಹೊರಟಿತು, ತೊಡೆಗೆ ತಲುಪಲಿಲ್ಲ, ಅಷ್ಟೆ. ಹಾಸಿಗೆಯಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ. ಅಷ್ಟು ದೂರಕ್ಕೂ ನನ್ನಾಕೆಯ ಹೆಗಲು ಬೇಕಾಯಿತು. ಆಕೆಯ ಬೆನ್ನೂ ಹಳೆಯದೇ. ರಾತ್ರಿ ಎದ್ದಾಗಲೆಲ್ಲ ಆಕೆ ನಿಟ್ಟುಸಿರು ನುಂಗಿಕೊಳ್ಳುವುದು ನನಗೆ ಕೇಳಿಸುತ್ತಿತ್ತು. ಇದು ಹೀಗೆಯೇ ಉಳಿದುಬಿಟ್ಟರೆ ಎಂಬ ಯೋಚನೆ ಬಂದ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದವಳು ಹಾಸನದ ಕಡೆಯ ಒಬ್ಬ ಹುಡುಗಿ. ಫಿಸಿಯೋಥೆರಪಿ ಓದಿದವಳು, ನಮ್ಮ ಮೊಮ್ಮಗಳಾಗುವಷ್ಟು ವಯಸ್ಸು, ಮೇಷ್ಟ್ರ ಗತ್ತು. "ತೊಡೆ ಕೆಟ್ಟಿಲ್ಲ ಸಾರ್, ಹೆದರಿದೆ" ಎಂದಳು. ಗಾಯಗೊಂಡು ಊದಿದ ಕೀಲಿನಿಂದ ಹೋಗುವ ಸುದ್ದಿ ಬೆನ್ನುಹುರಿಯನ್ನು ಮುಟ್ಟಿ, ತೊಡೆಯ ಮುಂಭಾಗದ ಸ್ನಾಯುವನ್ನು ತಡೆದು ನಿಲ್ಲಿಸುತ್ತದಂತೆ. ಕೀಲನ್ನು ಕಾಪಾಡಲು ದೇಹ ಹೂಡುವ ಉಪಾಯವಿದು. ಆದರೆ ಗಾಯ ಮಾದರೂ ನಿಷೇಧಾಜ್ಞೆ ಬೇಗ ತೆರವಾಗುವುದಿಲ್ಲ. ಇಂಥ ಚಿಕಿತ್ಸೆಯಾದ ಮೊದಲ ತಿಂಗಳಲ್ಲಿ ಆ ಸ್ನಾಯು ತನ್ನ ಬಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುವುದುಂಟು.

ಮರುದಿನ ಅವಳು ನಶ್ಯದ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಒಂದು ಪೆಟ್ಟಿಗೆ ತಂದಳು. ಅದರ ತಂತಿಗಳ ತುದಿಯ ಅಂಟುಬಿಲ್ಲೆಗಳನ್ನು ತೊಡೆಗೆ ಹಚ್ಚಿ ಗುಂಡಿ ತಿರುಗಿಸಿದಳು. ಮೊದಲು ಇರುವೆ ಹರಿದಂತಾಯಿತು. ಆಮೇಲೆ ಯಾರೋ ಒಳಗಿನಿಂದ ಹಿಡಿದು ಹಿಂಡಿದಂತಾಯಿತು. ಮಂಡಿಚಿಪ್ಪು ಮೇಲಕ್ಕೆ ಜರುಗಿತು, ಹಿಮ್ಮಡಿ ಅಲುಗಿತು. ಎರಡು ವಾರ ನನ್ನ ಮಾತು ಕೇಳದ ಕಾಲು ಈ ಡಬ್ಬಿಯ ಮಾತು ಕೇಳಿತು! ಸಂತೋಷವಾಯಿತೆ, ಅವಮಾನವಾಯಿತೆ ಎಂದು ಕೇಳಿದರೆ ಎರಡೂ ಎನ್ನಬೇಕು. ಸತ್ತ ಕಪ್ಪೆಯ ಕಾಲನ್ನು ವಿದ್ಯುತ್ತಿನಿಂದ ಕುಣಿಸಿ 1791ರಲ್ಲಿ ಇಟಲಿಯ ಗಾಲ್ವಾನಿ ಬರೆದ ಪ್ರಬಂಧ ನೆನಪಾಯಿತು. ಆ ಕಪ್ಪೆಯ ಸಾಲಿಗೆ ಸೇರಿದೆನಲ್ಲ ಎಂದುಕೊಂಡೆ.

ನಾನು ನಾಟಕ ನೋಡುವವನಂತೆ ಕೂತಿದ್ದನ್ನು ಕಂಡು ಹುಡುಗಿ ಗದರಿಸಿದಳು: "ಸುಮ್ಮನೆ ನೋಡ್ತಾ ಕೂತ್ಕೋಬೇಡಿ ಸಾರ್. ಕರೆಂಟು ಬಂದಾಗ ನೀವೂ ತೊಡೆ ಬಿಗಿ ಮಾಡಿ."

ಇರುವ ಗುಟ್ಟೆಲ್ಲ ಇದೇ. ನಾವೇ ಕಾಲೆತ್ತುವಾಗ ನರಗಳು ಸ್ನಾಯುವಿನ ಎಳೆಗಳನ್ನು ಸರದಿಯ ಮೇಲೆ ದುಡಿಸುತ್ತವೆ. ಒಂದಕ್ಕೆ ಬಿಡುವು, ಇನ್ನೊಂದಕ್ಕೆ ಕೆಲಸ. ಯಂತ್ರಕ್ಕೆ ಈ ಆಡಳಿತ ತಿಳಿಯದು. ಬಿಲ್ಲೆಯ ಹತ್ತಿರ ಸಿಕ್ಕಿದ ನರಗಳನ್ನೇ ಮತ್ತೆ ಮತ್ತೆ ಎಬ್ಬಿಸುತ್ತದೆ. ಆದ್ದರಿಂದ ಸ್ನಾಯು ಬೇಗ ದಣಿಯುತ್ತದೆ. ಹತ್ತು ಸೆಕೆಂಡು ಕೆಲಸವಾದರೆ ಐವತ್ತು ಸೆಕೆಂಡು ವಿಶ್ರಾಂತಿ ಕೊಡುವುದು ಅದಕ್ಕೇ. ಯಂತ್ರ ದಾರಿ ನೆನಪಿಸುತ್ತದೆ, ನಡೆಯಬೇಕಾದವರು ನಾವು. ಇದು ಬರಿಯ ಸಮಾಧಾನದ ಮಾತಲ್ಲ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಮಂಡಿಯ ಕೀಲು ಬದಲಿಸಿಕೊಂಡ 66 ಮಂದಿಯಲ್ಲಿ ಕೆಲವರಿಗೆ ಎಂದಿನ ವ್ಯಾಯಾಮದ ಜೊತೆಗೆ, ಎರಡು ದಿನ ಕಳೆಯುತ್ತಲೇ ಈ ವಿದ್ಯುತ್ ಪ್ರಚೋದನೆಯನ್ನು ಆರು ವಾರ ಕೊಟ್ಟರು. ಬರಿಯ ವ್ಯಾಯಾಮ ಮಾಡಿದವರಿಗಿಂತ ಇವರ ತೊಡೆ ಬೇಗ ಬಲಗೊಂಡಿತು.

ನಮ್ಮ ಮನೆಯಲ್ಲಿ ಕರೆಂಟಿನ ಡಬ್ಬಿ ಇದೆಯೆಂಬ ಸುದ್ದಿ ಬೀದಿಗೆಲ್ಲ ಹರಡಿತು. ಎದುರುಮನೆಯ ನಿವೃತ್ತ ಹೆಡ್ ಮಾಸ್ತರರು ದಿನಪತ್ರಿಕೆ ಕೇಳುವಷ್ಟೇ ಸಲೀಸಾಗಿ, "ಸೊಂಟನೋವಿಗೆ ಒಂದು ದಿನ ಕೊಡಿ" ಎಂದರು. ಅವರ ಎದೆಯಲ್ಲಿ ಪೇಸ್‌ಮೇಕರ್ ಇದೆ. ಹುಡುಗಿ ಎರಡೂ ಕೈ ಅಡ್ಡ ಹಿಡಿದಳು. ಪೇಸ್‌ಮೇಕರ್ ಇದ್ದವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಕತ್ತಿನ ಮುಂಭಾಗಕ್ಕೆ, ಹಸಿ ಗಾಯಕ್ಕೆ, ಬಸುರಿಯ ಹೊಟ್ಟೆಗೆ ಹಚ್ಚಬಾರದು. ಅಲ್ಲದೆ ನೋವಿನ ಡಬ್ಬಿಯೇ ಬೇರೆ, ಸ್ನಾಯುವಿನ ಡಬ್ಬಿಯೇ ಬೇರೆ. ಟೆನ್ಸ್ ಎಂಬುದು ಚರ್ಮದ ನರಗಳನ್ನು ಕಚಗುಳಿಯಿಟ್ಟು ನೋವಿನ ಸುದ್ದಿಯನ್ನು ಮಂಕು ಮಾಡುವುದು. ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲುಂಟೆಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಮಂಡಿಸಿದ ಸಿದ್ಧಾಂತ ಅದರ ಬೆನ್ನಿಗಿದೆ. ಅದರಿಂದ ಸ್ನಾಯು ಬಲಿಯುವುದಿಲ್ಲ.

ಅಷ್ಟರಲ್ಲಿ ಪುಣೆಯಲ್ಲಿರುವ ಮಗ ಇನ್ನೊಂದು ಆಯುಧ ಕಳಿಸಿದ: ಮಸಾಜ್ ಗನ್. ನೋಡುವುದಕ್ಕೆ ಪಿಸ್ತೂಲು, ತುದಿಯಲ್ಲಿ ಗುಂಡಿನ ಬದಲು ಒಂದು ಮೆತ್ತನೆಯ ಉಂಡೆ. ನಿಮಿಷಕ್ಕೆ ಎರಡು ಸಾವಿರ ಸಲಕ್ಕೂ ಮಿಕ್ಕಿ ಗುದ್ದುತ್ತದೆ. ಆಪರೇಷನ್ ಆದ ಕಾಲಿನ ಹತ್ತಿರ ಅದನ್ನು ತರಕೂಡದೆಂದು ಹುಡುಗಿ ಕಟ್ಟಪ್ಪಣೆ ಮಾಡಿದಳು. ಶಸ್ತ್ರಚಿಕಿತ್ಸೆಯಾದ ಮೇಲೆ ಮೀನಖಂಡ ಊದಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕದೆ ವೈದ್ಯರಲ್ಲಿಗೆ ಓಡಬೇಕು. ಇಬ್ಬರ ದುಡಿಮೆ ಮಾಡಿ ಬಳಲಿದ ಬಲತೊಡೆಗೆ ಮಾತ್ರ ಅಪ್ಪಣೆ ಸಿಕ್ಕಿತು. ಹಿತವಾಗಿರುತ್ತದೆ, ಸುಳ್ಳೇಕೆ? ಆದರೆ "ಲ್ಯಾಕ್ಟಿಕ್ ಆಮ್ಲವನ್ನು ಹೊರಗಟ್ಟುತ್ತದೆ" ಎಂಬ ಜಾಹೀರಾತಿನ ಮಾತು ಹುರುಳಿಲ್ಲದ್ದು. ಅದು ದುಡಿಮೆ ಮುಗಿದು ಒಂದೆರಡು ಗಂಟೆಯೊಳಗೆ ತಾನಾಗಿಯೇ ಹೊರಟುಹೋಗಿರುತ್ತದೆ. ಮೈಕೈ ನೋವು ಏರುವುದು ಮರುದಿನ, ಅದರ ಮರುದಿನ. ಮಾಲೀಸು ಆ ನೋವನ್ನು ಕೊಂಚ ತಗ್ಗಿಸುತ್ತದೆ. ಅದರಿಂದಲೇ ಬಲ ಬರುತ್ತದೆಂದು ನಂಬಿ ಕೂರುವಂತಿಲ್ಲ.

ನಮ್ಮ ಹಿರಿಯರಿಗೂ ಈ ವಿವೇಕವಿತ್ತು. ವಾಗ್ಭಟನ ಅಷ್ಟಾಂಗಹೃದಯ ದಿನವೂ ಎಣ್ಣೆ ಹಚ್ಚಿಕೊಳ್ಳಬೇಕೆಂದು ಹೇಳಿ, ಕಫದವರೂ ಅಜೀರ್ಣದವರೂ ಹಚ್ಚಬಾರದೆಂದು ನಿಷೇಧವನ್ನೂ ಹೇಳುತ್ತದೆ. ಮೈಸೂರಿನ ಗರಡಿಗಳ ಪೈಲ್ವಾನರು ಮಾಲೀಸು ಮಾಡಿಸಿಕೊಳ್ಳುತ್ತಿದ್ದರು; ಹಾಗೆಂದು ಸಾಮು ಬಿಟ್ಟು ಬರಿಯ ಮಾಲೀಸಿನಿಂದ ಕುಸ್ತಿ ಗೆದ್ದವರಿಲ್ಲ.

ಆರು ವಾರದ ಕೊನೆಗೆ ಹುಡುಗಿ ಟೇಪು ಹಿಡಿದು ಎರಡೂ ತೊಡೆ ಅಳೆದಳು. ಬಚ್ಚಲಿಗೆ ಒಬ್ಬನೇ ಹೋಗಿ ಬರುತ್ತಿದ್ದೆ. ನನ್ನಾಕೆ ರಾತ್ರಿಯಿಡೀ ನಿದ್ದೆ ಮಾಡುತ್ತಿದ್ದಳು. ಆದರೂ ಎಡತೊಡೆ ಅರ್ಧ ಅಂಗುಲ ಕಡಿಮೆ ಬಂತು. ಇನ್ನೂ ಒಂದು ತಿಂಗಳು ಕರೆಂಟು ಕೊಡಿಸಿದರೆ ಹೇಗೆ ಎಂದು ಕೇಳಿದೆ. "ಅದರ ಕೆಲಸ ಆಯ್ತು ಸಾರ್. ಉಳಿದ ಅರ್ಧ ಅಂಗುಲ ಮೆಟ್ಟಿಲಲ್ಲಿದೆ" ಎಂದು ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡಳು.

ಒಳಗಿನಿಂದ ಇದನ್ನು ಕೇಳಿಸಿಕೊಂಡ ನನ್ನಾಕೆ ತಡಮಾಡಲಿಲ್ಲ. "ರೀ, ಹಾಗಿದ್ರೆ ಮಹಡಿ ಮೇಲೆ ಒಣಗಿದ ಬಟ್ಟೆ ಇವೆ. ಕಂಬಿ ಹಿಡ್ಕೊಂಡು ಹತ್ತಿ" ಎಂದಳು.